ಕುದುರೆಯ ಜೊತೆ ಕೆಲಸ: ಯಾವ ತರಬೇತಿ, ಯಾರಿಗೆ?

ಕುದುರೆಯ ಜೊತೆ ಕೆಲಸ ಮಾಡುವವರು ದಿನದ ಹೆಚ್ಚು ಹೊತ್ತು ಕುದುರೆಯ ಮೇಲಿರುವುದಿಲ್ಲ, ಪಕ್ಕದಲ್ಲಿರುತ್ತಾರೆ. ಲದ್ದಿ ಬಾಚಬೇಕು, ಹಾಸು ಬದಲಿಸಬೇಕು, ನೀರು ತುಂಬಿಸಬೇಕು, ಮೈ ಉಜ್ಜಬೇಕು, ಗೊರಸಿನ ಅಡಿ ಕೆರೆದು ಶುಚಿ ಮಾಡಬೇಕು, ನಿನ್ನೆ ಸಂಜೆ ಹಾಕಿದ ಹುಲ್ಲಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಬೇಕು. ಇಷ್ಟಾದ ಮೇಲೆ ಹೊತ್ತು ಮಿಕ್ಕರೆ ಸವಾರಿ. ತರಬೇತಿ ಹುಡುಕಲು ಹೊರಟವರು ಮಾತ್ರ ಇದನ್ನು ತಿರುಗುಮುರುಗು ಮಾಡಿಕೊಳ್ಳುತ್ತಾರೆ: ಮೊದಲು ಸವಾರಿ ಕಲಿಯೋಣ, ಉಳಿದದ್ದು ತಾನಾಗಿ ಬರುತ್ತದೆ ಎಂದು. ಬರುವುದಿಲ್ಲ. ಬೇರೆಯವರು ಜೀನು ಕಟ್ಟಿ ತಂದು ನಿಲ್ಲಿಸಿದ ಕುದುರೆಯನ್ನೇ ಹತ್ತು ವರ್ಷ ಹತ್ತಿದವರೂ ಲಾಯದ ಮೊದಲ ಬೆಳಗಿನಲ್ಲಿ ಹೊಸಬರೇ.

ಹಾಗಾಗಿ ಕೋರ್ಸುಗಳ ಪಟ್ಟಿ ಹರಡಿಕೊಳ್ಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು. ಇನ್ನೈದು ವರ್ಷಕ್ಕೆ, ಬೆಳಗಿನ ಆರು ಗಂಟೆಗೆ ನಿಮ್ಮ ಕೈಯಲ್ಲಿ ಏನಿರಬೇಕು? ಹುಲ್ಲು ತುಂಬಿದ ಬಲೆಯೋ, ಪಾಠಕ್ಕೆ ಬಂದ ಮಗು ಕೂತ ಕುದುರೆಯ ಲಗಾಮೋ, ಲಾಳದ ಸುತ್ತಿಗೆಯೋ, ಆಗಷ್ಟೇ ಹುಟ್ಟಿದ ಮರಿಯನ್ನು ಒರೆಸುವ ಬಟ್ಟೆಯೋ? ಹೊರಗಿನಿಂದ ಒಂದೇ ಉದ್ಯೋಗದಂತೆ ಕಂಡರೂ ಇವು ನಾಲ್ಕು ಬೇರೆ ಉದ್ಯೋಗಗಳು. ಒಂದರ ಪ್ರಮಾಣಪತ್ರ ಇನ್ನೊಂದರಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಇನ್ನು ಎಲ್ಲ ಕೋರ್ಸಿಗೂ ನಾನು ಹಿಡಿಯುವ ಒರೆಗಲ್ಲು ಒಂದೇ: ಈ ಕಾಗದ ಕೊಡುವ ಮುನ್ನ ನನ್ನ ಕೈಕೆಲಸವನ್ನು ಯಾರು ನೋಡುತ್ತಾರೆ, ಯಾವ ಕುದುರೆಯ ಹತ್ತಿರ ನೋಡುತ್ತಾರೆ? ಪರಿಚಯವಿಲ್ಲದ ಪರೀಕ್ಷಕ, ಪರಿಚಯವಿಲ್ಲದ ಕುದುರೆ, ಇವೆರಡೂ ಇದ್ದರೆ ಕಾಗದಕ್ಕೆ ತೂಕ. ಕಲಿಸಿದವರೇ ಪರೀಕ್ಷಿಸಿ, ದಿನಾ ಒಡನಾಡಿದ ಸಾಧು ಕುದುರೆಯೇ ಎದುರಿಗಿದ್ದರೆ ಆ ತೂಕದಲ್ಲಿ ಅರ್ಧ ಕಳೆಯಿರಿ.

ಮೆಟ್ಟಿಲು ಹತ್ತುವ ಪರೀಕ್ಷೆಗಳು

ಈ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು 1947ರಲ್ಲಿ ಹುಟ್ಟಿದ ಬ್ರಿಟಿಷ್ ಹಾರ್ಸ್ ಸೊಸೈಟಿಯದು. ಸ್ಟೇಜ್ 1ರಿಂದ 5ರವರೆಗೆ ಮೆಟ್ಟಿಲು, ಅದರಾಚೆ ಫೆಲೋ ಎಂಬ ತುದಿ. ಆರೈಕೆ, ಸವಾರಿ, ಕಲಿಸುವಿಕೆ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಇದರ ದೊಡ್ಡ ಅನುಕೂಲ. ಸವಾರಿಯಲ್ಲಿ ಹಿಂದೆ, ಆದರೆ ಲಾಯದಲ್ಲಿ ಪಳಗಿದ ಕೈ ಎನ್ನುವವರು ಗ್ರೂಮ್, ಅಂದರೆ ಕುದುರೆಯ ಆರೈಕೆ ನೋಡುವವರ, ದಾರಿಯಲ್ಲಿ ಮುಂದೆ ಹೋಗಬಹುದು. ಕೋಚ್ ಆಗಬೇಕೆನ್ನುವವರು ಮೂರನ್ನೂ ಜೊತೆಯಾಗಿ ಎಳೆದುಕೊಂಡು ಹೋಗಬೇಕು.

ಇಂಥ ಪರೀಕ್ಷೆಯಲ್ಲಿ ಪುಸ್ತಕದ ಬದನೆಕಾಯಿ ಬೇಯುವುದಿಲ್ಲ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 28ರಿಂದ 44, ಉಸಿರು 8ರಿಂದ 16, ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಇದನ್ನು ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಬಹುದು. ತಲೆ ಕೊಡವುತ್ತ ಕಾಲು ಬದಲಿಸುತ್ತ ನಿಂತ ಕುದುರೆಯ ದವಡೆಯ ಕೆಳಗೆ ಬೆರಳಿಟ್ಟು, ರಕ್ತನಾಳ ಹುಡುಕಿ, ಅದು ಹೆದರದ ಹಾಗೆ ಕಾಲು ನಿಮಿಷ ಎಣಿಸಿ, ನಾಲ್ಕರಿಂದ ಗುಣಿಸಿ ಹೇಳುವುದಕ್ಕೆ ತಿಂಗಳುಗಳು ಬೇಕು. ಮೇವಿನ ಲೆಕ್ಕವೂ ಹಾಗೆಯೇ. ದಿನಕ್ಕೆ ಮೈತೂಕದ ಶೇಕಡ 1.5ರಿಂದ 2ರಷ್ಟು ಹುಲ್ಲು ಎಂಬ ಸೂತ್ರ ಸುಲಭ, 500 ಕಿಲೋ ಕುದುರೆಗೆ ಏಳೂವರೆಯಿಂದ ಹತ್ತು ಕಿಲೋ. ಎದುರಿಗಿರುವ ಕುದುರೆ 500 ಕಿಲೋ ಇದೆಯೋ 420 ಇದೆಯೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ.

ತೊಂದರೆಗಳೂ ಇವೆ. ಪ್ರತಿ ಮೆಟ್ಟಿಲಿಗೂ ಬೇರೆ ಶುಲ್ಕ, ಅದರ ಹಿಂದೆ ತಯಾರಿಯ ಖರ್ಚು. ಪರೀಕ್ಷೆಯ ಉತ್ತರಗಳನ್ನಷ್ಟೇ ಗಿಳಿಪಾಠ ಮಾಡಿಸುವ ಕೇಂದ್ರಗಳೂ ಇರುತ್ತವೆ. ಅಲ್ಲಿಂದ ಬಂದವರು ಮೊದಲೆರಡು ಮೆಟ್ಟಿಲು ಸರಾಗವಾಗಿ ಹತ್ತಿ ಮೂರನೆಯದರಲ್ಲಿ ಎಡವುತ್ತಾರೆ. ಒಂದು ಕಿರು ಸೂಚನೆ: ಈ ಸೊಸೈಟಿಯ ಪದವಿಗಳ ಹೆಸರು ಬದಲಾಗಿವೆ. ಬಿಎಚ್‌ಎಸ್‌ಎಐ ಎಂಬ ಹಳೆಯ ಹೆಸರು ಹಿರಿಯರ ಬಾಯಲ್ಲಿ, ಕೆಲವು ಉದ್ಯೋಗ ಜಾಹೀರಾತುಗಳಲ್ಲಿ ಇನ್ನೂ ಉಳಿದಿದೆ. ಅದು ಸಹಾಯಕ ಬೋಧಕರ ಹಳೆಯ ಅರ್ಹತೆ, ಹೊಸದಾಗಿ ಕಲಿಯುವವರು ಅದನ್ನು ಹುಡುಕಿಕೊಂಡು ಅಲೆಯಬೇಕಿಲ್ಲ.

1929ರಲ್ಲಿ ಶುರುವಾದ ಪೋನಿ ಕ್ಲಬ್ಬಿನ ಪರೀಕ್ಷೆಗಳು ಮಕ್ಕಳಿಗೆ ಮತ್ತು ಹದಿಹರೆಯದವರಿಗೆ. ಅವು ನೌಕರಿಯ ಅರ್ಹತೆಯಲ್ಲ. ಆದರೂ ಅದರ ಬಿ ಅಥವಾ ಎ ಪರೀಕ್ಷೆ ದಾಟಿದವರೆಂದರೆ ಬಲ್ಲ ಮಾಲೀಕರು ತಲೆಯೆತ್ತಿ ನೋಡುತ್ತಾರೆ.

ಕಲಿಸುವ ಕೆಲಸ ಬಯಸುವವರು ಪರೀಕ್ಷೆಗೆ ಹಣ ಕಟ್ಟುವ ಮೊದಲು ಕಾನೂನು ನೋಡಲಿ. ಫ್ರಾನ್ಸಿನಲ್ಲಿ ಹಣ ಪಡೆದು ಸವಾರಿ ಕಲಿಸಲು ಸರ್ಕಾರ ಮಾನ್ಯ ಮಾಡಿದ ಡಿಪ್ಲೊಮಾ ಬೇಕೇ ಬೇಕು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಯಾವ ಪರವಾನಗಿಯೂ ಬೇಡ, ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ಬೇಕು. ಕಡ್ಡಾಯವಿಲ್ಲದ ಕಡೆಯೂ ವಿಮೆಯವರು ಅರ್ಹತೆ ಏನೆಂದು ಕೇಳುತ್ತಾರೆ. ದೇಶ ಬದಲಿಸುವ ಯೋಚನೆಯಿದ್ದರೆ ಇಂಟರ್‌ನ್ಯಾಷನಲ್ ಗ್ರೂಪ್ ಫಾರ್ ಈಕ್ವೆಸ್ಟ್ರಿಯನ್ ಕ್ವಾಲಿಫಿಕೇಶನ್ಸ್ ಎಂಬ ಒಕ್ಕೂಟದ ತರಬೇತುದಾರರ ಪಾಸ್‌ಪೋರ್ಟ್ ಬಗ್ಗೆ ತಿಳಿದುಕೊಳ್ಳಿ. ಸದಸ್ಯ ದೇಶಗಳ ಅರ್ಹತೆಗಳನ್ನು ಮೂರು ಮಟ್ಟಗಳಲ್ಲಿ ಸಮೀಕರಿಸುವ ವ್ಯವಸ್ಥೆ ಅದು. ನೀವು ಕಲಿಯಲಿರುವ ಕೋರ್ಸು ಅದರೊಳಗೆ ಬರುತ್ತದೆಯೇ ಎಂಬ ಒಂದು ಪ್ರಶ್ನೆಯನ್ನು ಸೇರುವ ಮೊದಲೇ ಕೇಳಿದರೆ ಸಾಕು.

ದುಡಿಯುತ್ತ ಕಲಿಯುವುದು

ಜರ್ಮನಿಯಲ್ಲಿ ಫೇರ್ಡೆವಿರ್ಟ್ (ಕುದುರೆ ನೋಡಿಕೊಳ್ಳುವ ವೃತ್ತಿಗಾರ) ಎಂಬುದು ಬಡಗಿ, ಮೆಕ್ಯಾನಿಕ್‌ಗಳಂತೆ ಮಾನ್ಯತೆ ಪಡೆದ ಕಸುಬು. ಮೂರು ವರ್ಷದ ಅಪ್ರೆಂಟಿಸ್‌ಗಿರಿ: ಲಾಯದಲ್ಲಿ ಕೆಲಸ, ನಡುನಡುವೆ ವೃತ್ತಿಶಾಲೆಯಲ್ಲಿ ಪಾಠ, ಕೈಗೆ ಅಪ್ರೆಂಟಿಸ್ ಸಂಬಳ, ಕೊನೆಗೆ ಹೊರಗಿನವರು ನಡೆಸುವ ಪರೀಕ್ಷೆ. ಅದರಲ್ಲಿ ಐದು ಕವಲು: ಕುದುರೆ ಸಾಕಣೆ ಮತ್ತು ಸೇವೆ, ತಳಿ ಅಭಿವೃದ್ಧಿ, ಶಾಸ್ತ್ರೀಯ ಸವಾರಿ, ರೇಸ್, ಬೇರೆ ಬಗೆಯ ವಿಶೇಷ ಸವಾರಿ ಪದ್ಧತಿಗಳು. ಮುಂದೆ ಕೆಲವು ವರ್ಷದ ಅನುಭವದ ಮೇಲೆ ಮೈಸ್ಟರ್, ಅಂದರೆ ಕಸುಬಿನ ಗುರುವಿನ ಮಟ್ಟದ, ಪರೀಕ್ಷೆ. ಬ್ರಿಟಿಷ್ ಮೆಟ್ಟಿಲುಗಳನ್ನೂ ಇದನ್ನೂ ಎದುರುಬದುರು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಅಲ್ಲಿ ನಿಮ್ಮ ಅನುಕೂಲಕ್ಕೆ ತಕ್ಕ ಹಾಗೆ ಒಂದೊಂದೇ ಮೆಟ್ಟಿಲು ಹತ್ತಬಹುದು, ಬೇರೆ ಕೆಲಸ ಬಿಡಬೇಕಿಲ್ಲ. ಇಲ್ಲಿ ಮೂರು ವರ್ಷ ಬೇರೇನೂ ಇಲ್ಲ, ಆದರೆ ನಾಲ್ಕು ಋತುವನ್ನು ಮೂರು ಸಲ ಕಂಡು ಹೊರಬರುತ್ತೀರಿ. ಹದಿನೇಳು ಹದಿನೆಂಟರ ವಯಸ್ಸಿನವರು ನನ್ನನ್ನು ಕೇಳಿದರೆ ಎರಡನೆಯದನ್ನೇ ಹೇಳುತ್ತೇನೆ. ಭಾಷೆ ಕಲಿಯುವ ಶ್ರಮ ಬೇರೆ ಇದೆ, ಅದು ನೆನಪಿರಲಿ.

ಈ ಕ್ರಮದ ತುತ್ತತುದಿ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್. ಅಲ್ಲಿ ಎಲೆವ್ (ಶಿಷ್ಯ) ಆಗಿ ಸೇರಿದವರು ಪೂರ್ಣ ಸವಾರರಾಗಲು ಹತ್ತು ವರ್ಷದ ಆಸುಪಾಸು ಬೇಕು. ಪಳಗಿದ ಹಳೆಯ ಕುದುರೆ ಹೊಸ ಸವಾರನಿಗೆ ಕಲಿಸುತ್ತದೆ, ಪಳಗಿದ ಸವಾರ ಹೊಸ ಕುದುರೆಗೆ ಕಲಿಸುತ್ತಾನೆ. ಹೆಣ್ಣುಮಕ್ಕಳನ್ನು ಮೊದಲ ಬಾರಿಗೆ ಸೇರಿಸಿಕೊಂಡದ್ದು 2008ರಲ್ಲಿ, ಸಂಸ್ಥೆಗೆ ನಾಲ್ಕು ಶತಮಾನ ದಾಟಿದ ಮೇಲೆ.

ಕಾಗದವೇ ಇಲ್ಲದ ಇನ್ನೊಂದು ಅಪ್ರೆಂಟಿಸ್‌ಗಿರಿಯೂ ಇದೆ: ವರ್ಕಿಂಗ್ ಸ್ಟೂಡೆಂಟ್. ಹೆಸರಾಂತ ಸವಾರರೊಬ್ಬರ ಲಾಯದಲ್ಲಿ ದುಡಿಯುವುದು, ಅದಕ್ಕೆ ಬದಲಾಗಿ ಪಾಠ, ವಸತಿ, ಕೆಲವೊಮ್ಮೆ ಅಲ್ಪಸ್ವಲ್ಪ ಕೈಖರ್ಚು. ಈ ಬಗ್ಗೆ ಎರಡು ಮಾತು ಖಾರವಾಗಿಯೇ ಹೇಳಬೇಕು. ಒಳ್ಳೆಯ ಜಾಗದಲ್ಲಿ ಒಂದು ವರ್ಷ ಕಳೆದರೆ ಯಾವ ಕಾಲೇಜೂ ಕೊಡದ ಕಣ್ಣು ಬರುತ್ತದೆ. ಕೆಟ್ಟ ಜಾಗದಲ್ಲಿ ಬರುವುದು ಬೆನ್ನುನೋವು ಮಾತ್ರ. ಎರಡೂ ಜಾಹೀರಾತಿನಲ್ಲಿ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಕೇಳಿದಾಗ: ಒಬ್ಬರ ಪಾಲಿಗೆ ಎಷ್ಟು ಕುದುರೆ? ವಾರಕ್ಕೆ ಎಷ್ಟು ಪಾಠ, ಅದು ಬರವಣಿಗೆಯಲ್ಲಿದೆಯೇ? ಪಾಠ ಕೊಡುವವರು ಆ ಹೆಸರಾಂತರೇ, ಅಥವಾ ಅವರ ಕೈಕೆಳಗಿನವರೇ? ಸ್ಪರ್ಧೆಯ ಹಂಗಾಮಿನಲ್ಲಿ ಅವರು ಊರಲ್ಲೇ ಇಲ್ಲದಿದ್ದಾಗ ಪಾಠದ ಗತಿ ಏನು? ಪೆಟ್ಟಾದರೆ ವಿಮೆ ಯಾರದು? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಬಾಗಿಲಿಂದ ಹಾಗೇ ವಾಪಸ್ ಬನ್ನಿ. ಹಿಂದಿನ ವರ್ಷ ಅಲ್ಲಿದ್ದವರೊಬ್ಬರ ಜೊತೆ ಮಾತಾಡಲು ಬಿಡುತ್ತಾರೆಯೇ ಎಂಬುದೂ ಒಂದು ಪರೀಕ್ಷೆ. ನೀವು ಅವರಿಗೆ ಇಡುವ ಪರೀಕ್ಷೆ.

ಲಾಳದ ಕಸುಬು

ಕುದುರೆಯ ಕೆಲಸಗಳಲ್ಲಿ ಅರ್ಹತೆಯ ವಿಷಯದಲ್ಲಿ ದೇಶದಿಂದ ದೇಶಕ್ಕೆ ಅಜಗಜಾಂತರ ಇರುವುದು ಇಲ್ಲಿಯೇ. ಬ್ರಿಟನ್ನಿನಲ್ಲಿ 1975ರ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದವರು ಲಾಳ ಕಟ್ಟುವುದು ಅಪರಾಧ. ನೋಂದಣಿಗೆ ಮಾನ್ಯತೆ ಪಡೆದ ಲಾಳಗಾರರೊಬ್ಬರ ಕೈಕೆಳಗೆ ಸುಮಾರು ನಾಲ್ಕು ವರ್ಷ ದುಡಿಯಬೇಕು, ನಡುವೆ ಕಾಲೇಜಿಗೆ ಹೋಗಿ ಬರಬೇಕು, ಕೊನೆಗೆ ವರ್ಷಿಪ್‌ಫುಲ್ ಕಂಪನಿ ಆಫ್ ಫ್ಯಾರಿಯರ್ಸ್ ಎಂಬ ಲಾಳಗಾರರ ಸಂಘ ನಡೆಸುವ ಡಿಪ್ಲೊಮಾ ಪರೀಕ್ಷೆ ದಾಟಬೇಕು. ಆ ಕಂಪನಿ ತನ್ನ ಮೂಲವನ್ನು 1356ಕ್ಕೆ ಕೊಂಡೊಯ್ಯುತ್ತದೆ. ಅಮೆರಿಕದಲ್ಲಿ ಇದಾವುದೂ ಇಲ್ಲ. ಕೆಲವು ವಾರಗಳ ಶಾಲೆ ಮುಗಿಸಿ ಸುತ್ತಿಗೆ ಹಿಡಿದು ಹೊರಡಬಹುದು, ಶಾಲೆಗೆ ಹೋಗದೆಯೂ ಹೊರಡಬಹುದು. ಅಮೆರಿಕನ್ ಫ್ಯಾರಿಯರ್ಸ್ ಅಸೋಸಿಯೇಷನ್ ಪರೀಕ್ಷೆಗಳನ್ನು ನಡೆಸುತ್ತದೆ, ಆದರೆ ಅವು ಇಷ್ಟವಿದ್ದವರಿಗೆ.

ಇಷ್ಟು ಬಿಗಿ ಏಕೆ ಬೇಕು ಎಂಬುದಕ್ಕೆ ಗೊರಸಿನ ಅಡಿಯನ್ನೊಮ್ಮೆ ನೋಡಿದರೆ ಸಾಕು. ಅಂಚಿನ ಗಟ್ಟಿ ಗೋಡೆಗೂ ಒಳಗಿನ ಅಂಗಾಲಿಗೂ ನಡುವೆ ಬಿಳಿ ಗೆರೆಯೊಂದಿದೆ. ಮೊಳೆ ಆ ಗೆರೆಯ ಹೊರಮಗ್ಗುಲಲ್ಲಿ ಇಳಿದು ಗೋಡೆಯಿಂದ ಹೊರಬರಬೇಕು. ಕೆಲವೇ ಮಿಲಿಮೀಟರ್ ಒಳಗೆ ಜಾರಿದರೆ ಜೀವಂತ ಭಾಗಕ್ಕೆ ಚುಚ್ಚಿ ಕುದುರೆ ಕುಂಟುತ್ತದೆ. ಅಷ್ಟೇ ಅಲ್ಲ, ಗೊರಸನ್ನು ತಪ್ಪು ಕೋನದಲ್ಲಿ ತರಿದರೆ ನೋವು ಕಾಣಿಸುವುದು ತಿಂಗಳ ಮೇಲೆ, ಬೇರೆ ಕೀಲಿನಲ್ಲಿ. ಕಾಯಿಸಿದ ಕಬ್ಬಿಣ ಬಾಗಿಸುವುದು ಈ ಕಸುಬಿನ ಸಣ್ಣ ಪಾಲು. ನಡೆಯುತ್ತಿರುವ ಕುದುರೆಯ ಕಾಲು ನೆಲ ಮುಟ್ಟುವ ಬಗೆಯನ್ನು ಓದುವುದೇ ದೊಡ್ಡ ಪಾಲು, ಅದು ಆರೇಳು ವಾರದಲ್ಲಿ ಬರುವ ವಿದ್ಯೆಯಲ್ಲ. ಪರವಾನಗಿ ಬೇಡದ ದೇಶದಲ್ಲಿದ್ದರೂ ಶಾಲೆಯ ನಂತರ ಎರಡು ಮೂರು ವರ್ಷ ಹಿರಿಯರೊಬ್ಬರ ವ್ಯಾನಿನಲ್ಲಿ ಸುತ್ತಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಲಾಭದ ಮಗ್ಗುಲೂ ಇದೆ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ಆದ್ದರಿಂದ ಆರೆಂಟು ವಾರಕ್ಕೊಮ್ಮೆ ಅದೇ ಗಿರಾಕಿ ಅದೇ ಕೆಲಸಕ್ಕೆ ಮತ್ತೆ ಕರೆಯುತ್ತಾರೆ. ಸವಾರಿ ಕಲಿಸುವವರ ಆದಾಯ ಮಳೆ ಬಂದರೆ ಕುಸಿಯುತ್ತದೆ, ಲಾಳಗಾರರದು ಅಷ್ಟಾಗಿ ಇಲ್ಲ. ಆದರೆ ದಿನವಿಡೀ ಬಗ್ಗಿ, ಅರ್ಧ ಟನ್ ಪ್ರಾಣಿಯ ಕಾಲನ್ನು ತೊಡೆಯ ನಡುವೆ ಹಿಡಿಯುವ ಕೆಲಸ. ನಲವತ್ತೈದರ ಮೇಲೆ ಸೊಂಟ ಏನೆನ್ನುತ್ತದೆ ಎಂದು ಅದೇ ವಯಸ್ಸಿನ ಲಾಳಗಾರರೊಬ್ಬರನ್ನು ಕೇಳಿಯೇ ಸೇರಿ.

ಲಾಳ ಹೊಡೆಯದೆ ಗೊರಸು ತರಿಯುವುದನ್ನು ಮಾತ್ರ ಕಲಿಸುವ ಚಿಕ್ಕ ಕೋರ್ಸುಗಳೂ ಬಂದಿವೆ. ಬ್ರಿಟನ್ನಿನ ಕಾಯಿದೆ ಲಾಳ ಕಟ್ಟುವುದಕ್ಕೆ ಸಂಬಂಧಿಸಿದ್ದಾದ್ದರಿಂದ ಬರೀ ತರಿಯುವ ಕೆಲಸ ಅದರ ಹೊರಗುಳಿಯುತ್ತದೆ. ಹಾಗಾಗಿಯೇ ಈ ಕೋರ್ಸುಗಳ ಗುಣಮಟ್ಟ ಎಲ್ಲೆಲ್ಲೋ ಇದೆ. ಒರೆಗಲ್ಲನ್ನು ಇಲ್ಲಿ ಇನ್ನಷ್ಟು ಗಟ್ಟಿಯಾಗಿ ಉಜ್ಜಿ. ಜೀನನ್ನು ಕುದುರೆಯ ಬೆನ್ನಿಗೆ ಹೊಂದಿಸುವ ಕೆಲಸವೂ ಈ ಜಾತಿಯದೇ, ಊರೂರು ಸುತ್ತುವ ಸ್ವತಂತ್ರ ಕಸುಬು. ಅದಕ್ಕೆ ಬ್ರಿಟನ್ನಿನ ಸೊಸೈಟಿ ಆಫ್ ಮಾಸ್ಟರ್ ಸ್ಯಾಡ್ಲರ್ಸ್‌ನ ಅರ್ಹತೆ ಹೆಸರುವಾಸಿ.

ರೇಸ್ ಕುದುರೆ, ತಳಿ ಸಾಕಣೆ

ಬೇಗ ಸಂಬಳ ಕೈಗೆ ಬರಬೇಕೆನ್ನುವವರಿಗೆ ರೇಸ್ ಶಾಲೆಗಳು. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಒಂದು, ಡಾನ್‌ಕಾಸ್ಟರ್ ಹತ್ತಿರ ಇನ್ನೊಂದು, ಐರ್ಲೆಂಡಿನ ಕಿಲ್ಡೇರ್‌ನಲ್ಲಿ ಮತ್ತೊಂದು. ಅಲ್ಲೇ ಉಳಿದು ಕಲಿಯುವ ಕೋರ್ಸುಗಳು, ಮುಗಿದ ಕೂಡಲೇ ಟ್ರೈನರೊಬ್ಬರ ಲಾಯಕ್ಕೆ. ಸೇರಿದವರೆಲ್ಲ ಜಾಕಿಗಳಾಗುವುದಿಲ್ಲ, ಬಹುಪಾಲು ಜನ ಬೆಳಗಿನ ಓಟ ಮಾಡಿಸುವ ಸವಾರರಾಗಿ, ಲಾಯದ ಕೆಲಸಗಾರರಾಗಿ ಉಳಿಯುತ್ತಾರೆ. ಸವಾರಿಯ ಕೋರ್ಸಿಗೆ ಮೈತೂಕದ ಮಿತಿಯಿದೆ. ಇಲ್ಲಿ ಕಲಿತ ಕೈ ಚುರುಕು, ಎರಡು ವರ್ಷದ ಬಿಸಿರಕ್ತದ ಕುದುರೆಯನ್ನು ನಿಭಾಯಿಸಿದವರಿಗೆ ಬೇರೆ ಲಾಯದಲ್ಲಿ ಹೆದರಿಕೆಯಿರುವುದಿಲ್ಲ. ಆದರೆ ಕಲಿಕೆ ಕಿರಿದು. ಪಾಠ ಹೇಳುವ ಕೆಲಸಕ್ಕೆ ಹೊರಳಬೇಕೆಂದರೆ ಮತ್ತೆ ಮೊದಲಿಂದ.

ತಳಿ ಸಾಕಣೆಯ ಗುಟ್ಟು ಪಂಚಾಂಗದಲ್ಲಿದೆ. ಹೆಣ್ಣುಗುದುರೆಯ ಗರ್ಭ ಸುಮಾರು 11 ತಿಂಗಳು. ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳಿಗೆ, ಯಾವಾಗ ಹುಟ್ಟಿದರೂ, ಉತ್ತರಾರ್ಧ ಗೋಳದಲ್ಲಿ ಜನವರಿ 1, ದಕ್ಷಿಣದ ಆಸ್ಟ್ರೇಲಿಯಾ ಮೊದಲಾದ ಕಡೆ ಆಗಸ್ಟ್ 1 ಹುಟ್ಟುಹಬ್ಬವೆಂದು ಲೆಕ್ಕ. ತಡವಾಗಿ ಹುಟ್ಟಿದ ಮರಿ ಅದೇ ವಯಸ್ಸಿನ ಪಟ್ಟಿಯಲ್ಲಿ ಚಿಕ್ಕದಾಗಿ ನಿಲ್ಲುತ್ತದೆ, ಅದಕ್ಕೇ ಎಲ್ಲರೂ ವರ್ಷದ ಆರಂಭಕ್ಕೇ ಮರಿ ಹುಟ್ಟುವಂತೆ ನೋಡಿಕೊಳ್ಳುತ್ತಾರೆ. ಕೃತಕ ಗರ್ಭಧಾರಣೆಗೆ ಥರೋಬ್ರೆಡ್‌ನಲ್ಲಿ ಅವಕಾಶವಿಲ್ಲದ್ದರಿಂದ ಹೆರಿಗೆ, ಮತ್ತೆ ಗಂಡಿನ ಬಳಿ ಒಯ್ಯುವುದು ಎಲ್ಲವೂ ಅದೇ ಕೆಲವು ತಿಂಗಳಲ್ಲಿ ಒತ್ತರಿಸಿ ಬರುತ್ತವೆ. ಕುದುರೆಗಳು ಹೆಚ್ಚಾಗಿ ಈಯುವುದು ರಾತ್ರಿ, ಹಾಗಾಗಿ ರಾತ್ರಿ ಪಾಳಿ ಮಾಡಬಲ್ಲವರಿಗೆ ಬೇಡಿಕೆ. ಐರಿಷ್ ನ್ಯಾಷನಲ್ ಸ್ಟಡ್‌ನ ತಳಿ ಕೋರ್ಸು ವರ್ಷದ ಮೊದಲರ್ಧದಲ್ಲಿ ನಡೆಯುವುದೂ ಇದೇ ಕಾರಣಕ್ಕೆ. ಎರಡು ಗೋಳಾರ್ಧಗಳ ಹಂಗಾಮು ಬೇರೆಯಾದ್ದರಿಂದ ಒಂದೇ ವರ್ಷದಲ್ಲಿ ಎರಡು ಕಡೆ ದುಡಿದು ಇಮ್ಮಡಿ ಅನುಭವ ಗಳಿಸುವವರಿದ್ದಾರೆ. ಇಷ್ಟು ಬೇಗ ಕೈ ಪಳಗುವ ದಾರಿ ಇಡೀ ಕುದುರೆ ಲೋಕದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಆಡಳಿತದ ಕಡೆ ಕಣ್ಣಿರುವವರಿಗೆ 2003ರಲ್ಲಿ ಶುರುವಾದ ಫ್ಲೈಯಿಂಗ್ ಸ್ಟಾರ್ಟ್ ಎಂಬ ಎರಡು ವರ್ಷದ ತರಬೇತಿಯಿದೆ, ಹಲವು ದೇಶ ಸುತ್ತಿಸುತ್ತಾರೆ. ಆಯ್ಕೆ ಬಲು ಕಠಿಣ.

ಕಾಲೇಜು ಮತ್ತು ಆನ್‌ಲೈನ್

ಅಶ್ವ ವಿಜ್ಞಾನದ ಪದವಿ ಮೇವಿನ ಕಂಪನಿ, ಸಂಶೋಧನೆ, ದೊಡ್ಡ ಕೇಂದ್ರಗಳ ನಿರ್ವಹಣೆಗೆ ಬಾಗಿಲು ತೆರೆಯುತ್ತದೆ. ಲಾಯದ ಮೇಸ್ತ್ರಿ ಅದನ್ನು ನೋಡಿ ಕೆಲಸ ಕೊಡುವುದಿಲ್ಲ. ಕಾಲೇಜಿಗೆ ಸ್ವಂತ ಕುದುರೆಗಳಿವೆಯೇ, ವಾರಕ್ಕೆ ಎಷ್ಟು ಗಂಟೆ ಅಂಗಳದಲ್ಲಿ ಎಂದು ಕೇಳಿ. ಪಶುವೈದ್ಯರಾಗುವುದು ಬೇರೆಯೇ ದಾರಿ, ಈ ಪದವಿ ಅದಕ್ಕೆ ಅಡ್ಡದಾರಿಯಲ್ಲ.

ಆನ್‌ಲೈನ್ ಕೋರ್ಸು ಮೇವಿನ ಲೆಕ್ಕ, ಅಂಗರಚನೆ, ರೋಗಗಳ ಹೆಸರು ಕಲಿಯಲು ಚೆನ್ನ, ಅಗ್ಗ. ಕುದುರೆಯನ್ನು ಮುಟ್ಟದೆ ಸಿಕ್ಕ ಡಿಪ್ಲೊಮಾವನ್ನು ಅರ್ಜಿಯ ಮೊದಲ ಸಾಲಿನಲ್ಲಿ ಬರೆಯುವುದು ಮಾತ್ರ ಬೇಡ. ಓದುವವರು ಅಲ್ಲೇ ಪುಟ ತಿರುವುತ್ತಾರೆ.

ಚಿಕಿತ್ಸೆಯ ಸವಾರಿ

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಪೋಲಿಯೋ ಬಾಧಿಸಿದ ಕಾಲುಗಳಿಂದಲೇ ಕುದುರೆಯನ್ನು ನಿಖರ ಹೆಜ್ಜೆಗಳಲ್ಲಿ ನಡೆಸಿ ತೋರಿಸುವ ಡ್ರೆಸಾಜ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಈ ಕ್ಷೇತ್ರಕ್ಕೆ ದೊಡ್ಡ ಚಾಲನೆ ಸಿಕ್ಕಿದ್ದು ಅಲ್ಲಿಂದ. ಇಲ್ಲಿ ಎರಡು ಕೆಲಸಗಳನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. ವಿಕಲಚೇತನರಿಗೆ ಸವಾರಿ ಕಲಿಸುವುದು ಬೋಧಕರ ಕೆಲಸ, ಅದಕ್ಕೆ ಅಮೆರಿಕದಲ್ಲಿ 1969ರಲ್ಲಿ ಹುಟ್ಟಿ ಈಗ ಪಾತ್ ಇಂಟರ್‌ನ್ಯಾಷನಲ್ ಎನಿಸಿಕೊಂಡಿರುವ ಸಂಸ್ಥೆಯ ಪ್ರಮಾಣಪತ್ರ ಹೆಸರುವಾಸಿ. ಹಿಪ್ಪೋಥೆರಪಿ ಎಂಬುದು ಕುದುರೆಯ ನಡಿಗೆಯನ್ನು ಚಿಕಿತ್ಸೆಯ ಸಾಧನವಾಗಿ ಬಳಸುವುದು. ಅದನ್ನು ಪರವಾನಗಿ ಪಡೆದ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಮಾತಿನ ಚಿಕಿತ್ಸಕರು ಮಾಡಬೇಕು. ವಾರಾಂತ್ಯದ ಕೋರ್ಸಿನಿಂದ ಥೆರಪಿಸ್ಟ್ ಆಗಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಾರಿಗೆ ಯಾವುದು

ಶಾಲೆ ಮುಗಿಸಿದ ಹುಡುಗ ಹುಡುಗಿಯರಿಗೆ ಅಪ್ರೆಂಟಿಸ್‌ಗಿರಿ, ಅದು ಸಿಗದ ಕಡೆ ಲಾಯದ ಕೆಲಸದ ಜೊತೆಗೆ ಮೆಟ್ಟಿಲು ಪರೀಕ್ಷೆ. ಮೂವತ್ತು ದಾಟಿ ಬೇರೆ ನೌಕರಿಯಲ್ಲಿರುವವರಿಗೆ ಮೆಟ್ಟಿಲು ಪರೀಕ್ಷೆಯ ಆರೈಕೆ ವಿಭಾಗ, ವಾರಾಂತ್ಯಗಳಲ್ಲಿ, ಕೆಲಸ ಬಿಡದೆ. ಎರಡು ಚಳಿಗಾಲ ಕಳೆದ ಮೇಲೂ ಆಸೆ ಉಳಿದರೆ ರಾಜೀನಾಮೆ ಪತ್ರ ಬರೆಯಿರಿ. ಕುದುರೆ ಕಂಡರೆ ಕಾಲುನೋವು ಎಂಬಂತೆ ಸವಾರಿಯ ಆಸೆಯೊಂದೇ ಇದ್ದವರು ಈ ಉದ್ಯೋಗಕ್ಕೆ ಬರುವುದಕ್ಕಿಂತ ಒಳ್ಳೆಯ ಸಂಬಳದ ಬೇರೆ ಕೆಲಸ ಮಾಡಿ ವಾರಕ್ಕೆರಡು ದಿನ ಸವಾರಿ ಮಾಡುವುದು ಸುಖ. ಇದನ್ನು ಕುಹಕವಾಗಿ ಹೇಳುತ್ತಿಲ್ಲ.

ಯಾವ ದಾರಿ ಹಿಡಿದರೂ ಮೊದಲ ದಿನದಿಂದ ಒಂದು ನೋಟುಬುಕ್ ಇಡಿ. ದಿನಾಂಕ, ಕುದುರೆಯ ವಯಸ್ಸು, ತಳಿ, ನೀವು ಮಾಡಿದ ಕೆಲಸ, ಎದುರಾದ ತೊಂದರೆ, ಜೊತೆಗಿದ್ದ ಹಿರಿಯರ ಸಹಿ. ಸಂದರ್ಶನದಲ್ಲಿ ಕೇಳುವುದು ‘ಒಬ್ಬರೇ ಎಷ್ಟು ಕುದುರೆ ನೋಡಿಕೊಂಡಿದ್ದೀರಿ, ರಾತ್ರಿ ಒಂದಕ್ಕೆ ಹೊಟ್ಟೆಶೂಲೆ ಬಂದಾಗ ಏನು ಮಾಡಿದಿರಿ’ ಎಂದು. ಆಗ ‘ಎರಡು ವರ್ಷದ ಅನುಭವ’ ಎಂದು ಹೇಳುವ ಬದಲು ಪುಸ್ತಕ ತೆರೆದು ತೋರಿಸಬಹುದು: ಹನ್ನೊಂದು ವರ್ಷದ ಹೆಣ್ಣುಗುದುರೆ, ಮೇವು ಮುಟ್ಟಿಲ್ಲ, ಪಕ್ಕೆ ತಿರುಗಿ ನೋಡುತ್ತಿತ್ತು, ನಾಡಿ 60, ಹನ್ನೆರಡು ಐವತ್ತಕ್ಕೆ ವೈದ್ಯರಿಗೆ ಫೋನು, ಅವರು ಬರುವವರೆಗೆ ಲಾಯದಲ್ಲೇ ಇದ್ದು ಹತ್ತು ನಿಮಿಷಕ್ಕೊಮ್ಮೆ ಬರೆದದ್ದು ಕೆಳಗಿದೆ.